ಅರಿವಿದ್ದೂ ಆಚಾರ ತಪ್ಪುವುದೇಕೆ?

ಅರಿಯದೆ ತಪ್ಪಿ ನಡೆಯುವವನಿಗೆ ತಿಳಿಯಹೇಳಿದರೆ ತಿದ್ದಿಕೊಂಡಾನು. ಅರಿತೂ ತಪ್ಪುವವನನ್ನು ತಿದ್ದುವ ಬಗೆ ಯಾವುದು? ಈ ಪ್ರಶ್ನೆಯು ಎಲ್ಲ ಕಾಯಕಗಳಿಗೂ ಸಲ್ಲುವುದಾದರೂ, ಪರರ ಪ್ರಾಣವನ್ನು ಕೈಯಲ್ಲಿ ಹಿಡಿದಿರುವ ವೈದ್ಯನ ಕಾಯಕದಲ್ಲಿ ಇದರ ತೂಕ ಹೆಚ್ಚು. ಕೈ ತೊಳೆಯದೆ ರೋಗಿಯ ಗಾಯವನ್ನು ಮುಟ್ಟಬಾರದೆಂಬುದನ್ನು ಇಂದು ಅರಿಯದ ವೈದ್ಯನಿರಲಾರನು. ಆದರೂ ತೊಳೆಯದ ಕೈಗಳು ಗಾಯವನ್ನು ಮುಟ್ಟುವುದು ನಿಂತಿಲ್ಲ.

1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಗಳನ್ನು ಪರೀಕ್ಷಿಸಿದ ಕೈಗಳಿಂದಲೇ ಹೆರಿಗೆ ಮಾಡಿಸುತ್ತಿದ್ದುದರಿಂದ ಬಾಣಂತಿಯರು ಸಾಯುತ್ತಿರುವರೆಂದು ಕಂಡುಕೊಂಡನು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ವಿಧಿಸಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಅದನ್ನೊಪ್ಪಲಿಲ್ಲ. ಉಳಿಸುವ ಕೈಯೇ ಕೊಲ್ಲುತ್ತಿದೆಯೆಂಬ ಮಾತನ್ನು ಅಭಿಮಾನವು ಸಹಿಸಲಾರದು.

ಅವರು ಒಪ್ಪದೆ ತಪ್ಪಿದರು. ಇಂದಿನವರು ಒಪ್ಪಿಯೂ ತಪ್ಪುತ್ತಾರೆ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯರು, ದೊಡ್ಡ ರಕ್ತನಾಳಕ್ಕೆ ನಳಿಕೆ ಸೇರಿಸುವಾಗ ಪಾಲಿಸಬೇಕಾದ ಐದು ನಿಯಮಗಳನ್ನು ಬರೆದಿಟ್ಟರು. ಕೈ ತೊಳೆಯುವುದು, ಚರ್ಮವನ್ನು ಶುದ್ಧಿಗೊಳಿಸುವುದು, ರೋಗಿಗೆ ಶುದ್ಧವಾದ ಬಟ್ಟೆ ಹೊದಿಸುವುದು ಮೊದಲಾದ ಇವುಗಳಲ್ಲಿ ಒಂದೂ ಹೊಸದಲ್ಲ. ದಾದಿಯರು ಒಂದು ತಿಂಗಳು ಗಮನಿಸಿ ನೋಡಲಾಗಿ, ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಾದರೂ ನಿಯಮವು ಬಿಟ್ಟುಹೋಗಿತ್ತು.

ಇದಕ್ಕೆ ಕಾರಣವು ದುಷ್ಟತನವಲ್ಲ. ಒಂದು ಸಲ ಬಿಟ್ಟರೆ ಕೇಡು ಕಾಣದು. ಹತ್ತು ಸಲ ಬಿಟ್ಟರೂ ಕಾಣದು. ಆಗ ಬಿಡುವುದೇ ರೂಢಿಯಾಗಿ, ರೂಢಿಯೇ ನಿಯಮದ ಪೀಠವನ್ನೇರುತ್ತದೆ. ರೋಗಿಗೆ ನಂಜೇರುವುದು ಕೆಲವು ದಿನಗಳ ಬಳಿಕ. ಅದು ಯಾರ ಕೈಯಿಂದ ಬಂದಿತೆಂದು ಹೇಳುವವರಾರು? ಇದರ ಜೊತೆಗೆ ಹಿರಿಯನ ಆತುರವೂ ಕಿರಿಯರ ಮೌನವೂ ಸೇರಿಕೊಳ್ಳುತ್ತವೆ. ನೀರಿಲ್ಲದೆಡೆಯಲ್ಲಿ, ಒಬ್ಬ ದಾದಿಗೆ ಹಲವು ಹಾಸಿಗೆಗಳನ್ನು ಒಪ್ಪಿಸಿದೆಡೆಯಲ್ಲಿ ನಿಯಮ ತಪ್ಪಿದರೆ, ಆ ದೋಷವು ಆಳುವವರಿಗೂ ಸೇರಬೇಕು.

ಪ್ರೊನೊವೋಸ್ಟರು ಮಾಡಿದ ಉಪಾಯವು ಸರಳವಾದುದು. ನಿಯಮ ತಪ್ಪಿದ ವೈದ್ಯನನ್ನು ತಡೆಯುವ ಅಧಿಕಾರವನ್ನು ದಾದಿಯರಿಗೆ ಕೊಡಿಸಿದರು. ಒಂದು ವರ್ಷದಲ್ಲಿ, ನಳಿಕೆ ಇಟ್ಟ ಹತ್ತು ದಿನಗಳೊಳಗೆ ತಗಲುತ್ತಿದ್ದ ಸೋಂಕು ನೂರಕ್ಕೆ 11ರಿಂದ ಸೊನ್ನೆಗೆ ಇಳಿಯಿತು. ವೈದ್ಯರ ವಿದ್ಯೆ ಮೊದಲಿನಷ್ಟೇ ಇದ್ದಿತು; ಕಿರಿಯರು ಹಿರಿಯರಿಗೆ ನೆನಪಿಸುವ ದಾರಿಯೊಂದು ತೆರೆದಿತ್ತು.

ಅರಿವು ಒಬ್ಬನೊಳಗೇ ಉಳಿದರೆ ಬೇಗನೆ ಮಂಕಾಗುತ್ತದೆ. ಅದನ್ನು ಎಚ್ಚರದಲ್ಲಿಡಲು ನಾಲ್ವರ ಕಣ್ಣು ಬೇಕು. ಆದುದರಿಂದ ಮನೆಯವರ ಹಾಸಿಗೆಯ ಬಳಿ ನಿಂತಾಗ “ಅಯ್ಯಾ, ಕೈ ತೊಳೆದಿರಾ?” ಎಂದು ವಿನಯದಿಂದ ಕೇಳುವುದು ಅಪಚಾರವಲ್ಲ. ಆ ಮಾತಿಗೆ ಮುನಿಯದೆ ಕೈ ತೊಳೆದು ಬರುವ ವೈದ್ಯನೇ ನಿಜವಾಗಿ ದೊಡ್ಡವನು.