ತುಕ್ಕು ಮತ್ತು ಕ್ಷಮೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಬಾದಾಮಿ, ಹುನಗುಂದ ಭಾಗದ ದಂಡೆಯ ಹೊಲಗಳನ್ನು ಮುಳುಗಿಸಿದಳು. ಅಂಥ ನೆರೆನೀರು ಹೊಕ್ಕ ಹಳೆಯ ಡೀಸೆಲ್ ಎಂಜಿನ್ನಿನ ಸಿಲಿಂಡರಿಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದರೆ ಅದು ಒಡೆದೀತು. ಬಲ್ಲ ಮೆಕ್ಯಾನಿಕನು ಹೆಡ್ ಬಿಚ್ಚಿ, ಎಣ್ಣೆ ಸುರಿದು, ದಿನಗಟ್ಟಲೆ ಕಾಯುತ್ತಾನೆ. ಬಳಿಕ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸುತ್ತಾನೆ. ಪಿಸ್ಟನ್ ಸಡಿಲಗೊಂಡ ಕೂಡಲೇ ಎಂಜಿನ್ ಚಾಲೂ ಮಾಡುವುದಿಲ್ಲ; ಹೊರತೆಗೆದು ತುಕ್ಕು ಉಜ್ಜಿ, ಕೆಟ್ಟ ರಿಂಗುಗಳನ್ನು ಬದಲಿಸುತ್ತಾನೆ.

ಹೊಲದ ಪಾಲಿಗಾಗಿ ಮಾತು ಬಿಟ್ಟ ಒಡಹುಟ್ಟಿದವರ ನಡುವೆಯೂ ಇಂಥದೇ ತುಕ್ಕು. ಹಾಗಾದರೆ ಕ್ಷಮಿಸುವುದೆಂದರೆ ತಪ್ಪನ್ನು ಮುಚ್ಚಿಡುವುದೇ? ತಾಳ್ಮೆಯು ಬಿಗಿತವನ್ನು ಸಡಿಲಿಸುತ್ತದೆ, ನಿಜ. ಆದರೆ ಆದ ಅನ್ಯಾಯವನ್ನು ಒಪ್ಪಿಕೊಂಡು ಸರಿಪಡಿಸದಿದ್ದರೆ ಒಳಗುಳಿದ ತುಕ್ಕು ಮತ್ತೆ ಗೀರುತ್ತದೆ. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಪೇತ್ರನಿಗೆ ಪ್ರಭುವು ಮಿತಿಯನ್ನು ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಮೊದಲ ಹನಿ ಎಣ್ಣೆಯನ್ನು ಸುರಿಯುವವರು ಯಾರು?