ನಮ್ಮ ಕ್ಷಮೆಯು ಕ್ಷಮೆಯೇ?



ಕ್ಷಮೆ, ವಿನಯ, ಸಹನೆ ಇವು ಸದ್ಗುಣಗಳೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಇವು ನಿಜವಾಗಿಯೂ ಗುಣಗಳೇ, ಇಲ್ಲವೇ ದೌರ್ಬಲ್ಯಕ್ಕೆ ಇಟ್ಟ ಅಂದದ ಹೆಸರುಗಳೇ ಎಂದು ವಿಚಾರಿಸಿದವರು ವಿರಳ. ಅಂಥವರಲ್ಲೊಬ್ಬನು ಜರ್ಮನಿಯ ತತ್ತ್ವಜ್ಞ ಫ್ರೆಡ್ರಿಕ್ ನೀಷೆ.

1844ರಲ್ಲಿ ಲೂಥರನ್ ಪಾದ್ರಿಯೊಬ್ಬನ ಮಗನಾಗಿ ಜನಿಸಿದ ಈತನು 24ನೆಯ ವಯಸ್ಸಿನಲ್ಲಿಯೇ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ನೀತಿಯ ವಂಶಾವಳಿಯನ್ನು ಕುರಿತು 1887ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯುರೋಪಿನಲ್ಲಿ ರೂಢವಾಗಿದ್ದ ಕ್ರೈಸ್ತ ನೀತಿಯ ಮೂಲವನ್ನೇ ಕೆದಕಿದನು. ಆತನ ವಾದದ ಸಾರವಿಷ್ಟು: ಪ್ರಾಚೀನ ಕಾಲದಲ್ಲಿ ಬಲಿಷ್ಠರು ತಮ್ಮನ್ನು ‘ಒಳ್ಳೆಯವರು’ ಎಂದು ಕರೆದುಕೊಂಡರು, ಉಳಿದವರು ಅವರ ದೃಷ್ಟಿಯಲ್ಲಿ ಕೇವಲ ‘ಕೀಳು’. ತುಳಿತಕ್ಕೊಳಗಾದವರಿಗೆ ಪ್ರತೀಕಾರದ ಶಕ್ತಿಯಿರಲಿಲ್ಲ. ಅವರೊಳಗೇ ಕುದಿದ ದ್ವೇಷವು ಬಲಿಷ್ಠರನ್ನು ‘ದುಷ್ಟರು’ ಎಂದು ಕರೆದು, ತಮ್ಮ ಅಸಹಾಯಕತೆಯನ್ನೇ ಗುಣವೆಂದು ಸಾರಿತು. ಸೇಡು ತೀರಿಸಿಕೊಳ್ಳಲಾರದಿರುವುದು ಕ್ಷಮೆಯಾಯಿತು, ಅಂಜಿಕೆಯು ವಿನಯವಾಯಿತು.

ಈ ವಾದವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಮೂಲವು ಮಲಿನವಾದ ಮಾತ್ರಕ್ಕೆ ಗುಣವೂ ಮಲಿನವೆನ್ನಲಾಗದು; ಕೆಸರಿನಲ್ಲಿ ಹುಟ್ಟಿದ ಕಮಲವು ಕೆಸರಲ್ಲವಷ್ಟೆ. ಎಲ್ಲ ಕ್ಷಮೆಯೂ ಅಶಕ್ತರದೆಂಬುದೂ ಸಲ್ಲದು. ಘೋಷಯಾತ್ರೆಯಲ್ಲಿ ಗಂಧರ್ವರ ಸೆರೆಗೆ ಸಿಕ್ಕ ದುರ್ಯೋಧನನನ್ನು ಭೀಮಾರ್ಜುನಾದಿಗಳು ಅಣ್ಣನ ಮಾತಿನಂತೆ ಹೋರಾಡಿ ಬಿಡಿಸಿದರು. ಅವನನ್ನು ಹಾಗೆಯೇ ಬಿಟ್ಟಿದ್ದರೆ ಅವರನ್ನು ಕೇಳುವವರಿರಲಿಲ್ಲ. ಅದು ಶಕ್ತರ ಕ್ಷಮೆ.

ಆದರೂ ಆತನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅರ್ಜುನನು ರಣರಂಗದಲ್ಲಿ ಕಾರುಣ್ಯದ ಮಾತನಾಡಿ ಬಿಲ್ಲನ್ನು ಕೆಳಗಿಟ್ಟಾಗ ಭಗವಂತನು ಅವನನ್ನು ಹೊಗಳಲಿಲ್ಲ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅದನ್ನು ಹೃದಯದ ದೌರ್ಬಲ್ಯವೆಂದೇ ಹಳಿದನು. ಮಾತು ಧರ್ಮದ್ದಾದರೂ ಅದರ ಹಿಂದಿನ ಭಾವ ಬೇರೆಯಾಗಿರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಮ್ಮ ಮನೆಗಳನ್ನೇ ನೋಡೋಣ. ಪಾಲಿನಲ್ಲಿ ಅನ್ಯಾಯ ಮಾಡಿದ ದಾಯಾದಿಯನ್ನು ‘ಕ್ಷಮಿಸಿದ್ದೇವೆ’ ಎನ್ನುತ್ತೇವೆ. ಅವನ ಮಗನಿಗೆ ಕೆಲಸ ತಪ್ಪಿತೆಂಬ ಸುದ್ದಿ ಬಂದಾಗ ಮನಸ್ಸು ಒಳಗೊಳಗೇ ಹಿಗ್ಗಿದರೆ, ಅದು ಕ್ಷಮೆಯಲ್ಲ, ತೀರದೆ ಉಳಿದ ಸೇಡು. ಎದುರು ಮಾತನಾಡಲಾರದ ಸೊಸೆಯ ಮೌನವನ್ನು ‘ಎಂಥ ತಾಳ್ಮೆ!’ ಎಂದು ಕೊಂಡಾಡುತ್ತೇವೆ. ಆ ಹೊಗಳಿಕೆಯಿಂದ ಅನುಕೂಲವಾಗುವುದು ಅವಳಿಗೋ, ನಮಗೋ? ಅಶಕ್ತರಿಗೆ ಸಹನೆಯನ್ನು ಬೋಧಿಸಿ ನಮ್ಮ ಸೌಖ್ಯವನ್ನು ಕಾಯ್ದುಕೊಳ್ಳುವುದು ಧರ್ಮವಾಗಲಾರದು.

ಎದುರಿಸುವ ಶಕ್ತಿಯಿದ್ದೂ ದ್ವೇಷವನ್ನು ತೊರೆದರೆ ಅದು ಕ್ಷಮೆ. ಆಡುವ ಸ್ವಾತಂತ್ರ್ಯವಿದ್ದೂ ತಾಳಿದರೆ ಅದು ಸಹನೆ. ಆದುದರಿಂದ ದಾಯಾದಿಯ ಏಳಿಗೆಯನ್ನು ಕೇಳಿ ನಮ್ಮ ಮನಸ್ಸು ಏನೆನ್ನುವುದೆಂದು ಪರೀಕ್ಷಿಸಿಕೊಳ್ಳೋಣ. ಮೌನವಾಗಿರುವ ಸೊಸೆಯನ್ನು ಹೊಗಳುವ ಮುನ್ನ, ಅವಳು ನಿರ್ಭಯವಾಗಿ ಮಾತನಾಡುವ ಅವಕಾಶವನ್ನು ಕಲ್ಪಿಸೋಣ. ಆ ಮಾತು ನಮಗೆ ಕಹಿಯಾಗಬಹುದು. ಅದನ್ನು ಕೇಳಿಸಿಕೊಳ್ಳುವ ಸಹನೆಯು ಆಗ ನಮ್ಮದಾಗಬೇಕು.

ಶ್ರೀಕೃಷ್ಣಾರ್ಪಣಮಸ್ತು.