ಹೊರಡದ ಜೀಪು ಕಲಿಸಿದ ಪಾಠ



ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಕರ್ತನು ಕಣ್ಣಿನೊಳಗಿನ ತೊಲೆಯ ವಿಷಯವಾಗಿ ಕಲಿಸಿದ್ದನ್ನು ನೀವು ಬಲ್ಲಿರಿ. ಅದನ್ನು ನಾವು ಅನೇಕ ಸಾರಿ ಬೋಧಿಸಿದ್ದೇವೆ. ಆದರೆ ಸಂತಪುರದಲ್ಲಿ ಚಳಿಗಾಲದ ಒಂದು ಮುಂಜಾನೆ ಹಳೆಯ ಜೀಪೊಂದು ಅದನ್ನು ನಮಗೇ ಬೋಧಿಸಿತು.

ಆ ದಿನ ಕೋಳಿ ಕೂಗುವ ಹೊತ್ತಿಗೆ ನಮ್ಮ ಸಭೆಯ ಸಹೋದರಿಯೊಬ್ಬಳಿಗೆ ಹೆರಿಗೆಯ ಬೇನೆ ಎದ್ದಿತು. ಮಾಂಜ್ರಾ ಹೊಳೆಯನ್ನು ದಾಟಿ ಬೀದರಿನ ದವಾಖಾನೆಗೆ ಒಯ್ಯಬೇಕಾಗಿತ್ತು. ಆಕೆಯನ್ನು ಸಭೆಯ ಜೀಪಿನಲ್ಲಿ ಮಲಗಿಸಿ ಕೀಲಿ ತಿರುವಿದರೆ 'ಟಕ್' ಎಂಬ ಶಬ್ದ ಮಾತ್ರವೇ ಬಂತು. ಒಬ್ಬನು ಡೀಸೆಲ್ ತೀರಿತೆಂದನು; ಇನ್ನೊಬ್ಬನು ದೃಷ್ಟಿ ತಾಕಿತೆಂದನು. ನಾವಾದರೋ ಡ್ರೈವರ್ ಹುಡುಗನನ್ನು ಸೋಮಾರಿಯೆಂದು ಎಲ್ಲರ ಮುಂದೆ ಗದರಿಸಿದೆವು. ಅವನು ತಲೆತಗ್ಗಿಸಿ ನಿಂತನು.

ಆಗ ಮುದುಕನಾದ ಮಿಸ್ತ್ರಿಯೊಬ್ಬನು ಬಂದು, "ಸಿಟ್ಟು ಆಮ್ಯಾಲ ಮಾಡ್ರಿ ಅಯ್ಯನವರೇ, ಮೊದಲ ದೀಪ ಹಚ್ಚಿ ನೋಡೋಣ್ರಿ" ಅಂದನು.

ದೀಪವು ಮಂಕಾಗಿತ್ತು; ಕೀಲಿ ತಿರುವಿದ ಕೂಡಲೆ ಇನ್ನೂ ಕುಂದಿತು. ಹೀಗಾದರೆ ದೋಷವು ಬ್ಯಾಟರಿಯಲ್ಲಿಯೋ ಅದರ ತಂತಿಯ ಕಟ್ಟಿನಲ್ಲಿಯೋ ಇರುವದೆಂದು ಅವನು ತಿಳಿಸಿದನು. ದೀಪವು ಪ್ರಕಾಶವಾಗಿದ್ದು ಬರೀ 'ಟಕ್' ಎಂದರೆ ಎಂಜಿನನ್ನು ತಿರುಗಿಸುವ ಸೆಲ್ಫ್ ಮೋಟಾರಿನ ಕಡೆಗೆ ನೋಡಬೇಕು. ಎಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಎಣ್ಣೆಯ ದಾರಿಯನ್ನು ಹುಡುಕಬೇಕು. ಡೀಸೆಲ್ ಗಾಡಿಯ ಪೈಪಿನಲ್ಲಿ ಗಾಳಿ ಹೊಕ್ಕಿರಬಹುದು. ಪೆಟ್ರೋಲ್ ಗಾಡಿಯಾದರೆ ಪ್ಲಗ್ಗಿನ ಕಿಡಿಯನ್ನೂ ನೋಡಬೇಕು.

1888ರಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆಯು ತನ್ನ ಇಬ್ಬರು ಗಂಡುಮಕ್ಕಳೊಡನೆ ಮೋಟಾರು ಗಾಡಿಯಲ್ಲಿ ದೂರದ ಪ್ರಯಾಣ ಮಾಡಿದಾಗ, ಕಟ್ಟಿಕೊಂಡ ಎಣ್ಣೆಯ ಕೊಳವೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳು. ತಡೆಯಿದ್ದ ಸ್ಥಳವು ಗೊತ್ತಾದದರಿಂದ ಸೂಜಿಯೇ ಸಾಕಾಯಿತು. ನಮಗೂ ಹಾಗೆಯೇ ಆಯಿತು. ಬ್ಯಾಟರಿಯ ಕಂಬಗಳಿಗೆ ಬಿಳಿಹಸುರಿನ ಕಿಲುಬು ಹತ್ತಿತ್ತು. ಮಿಸ್ತ್ರಿಯು ಬ್ಯಾಟರಿಯ ಬಳಿಗೆ ಬೆಂಕಿಕಡ್ಡಿಯನ್ನು ತರಗೊಡಲಿಲ್ಲ, ಯಾಕಂದರೆ ಅದರಿಂದ ಹೊರಡುವ ಗಾಳಿಯು ಹೊತ್ತಿಕೊಳ್ಳುವಂಥದು. ಮೊದಲು ಮೈನಸ್ ತಂತಿಯನ್ನು, ಆಮೇಲೆ ಪ್ಲಸ್ ತಂತಿಯನ್ನು ಬಿಚ್ಚಿ, ಕಿಲುಬನ್ನು ಕೆರೆದು, ತಿರಿಗಿ ಬಿಗಿದನು. ಜೀಪು ಹೊರಟಿತು. ಸಹೋದರಿಯು ವೇಳೆಗೆ ಸರಿಯಾಗಿ ಬೀದರನ್ನು ಮುಟ್ಟಿದಳು. ತಾಯಿಯೂ ಕೂಸೂ ಕ್ಷೇಮವಾಗಿ ಉಳಿದರು.

ಪ್ರಿಯರೇ, ನಾವು ಇನ್ನೊಂದನ್ನು ಅರಿಕೆಮಾಡಬೇಕು. ದೀಪ ಮಂಕಾಗಿದೆಯೆಂದು ಆ ಹುಡುಗನು ಎಂಟು ದಿವಸಗಳ ಹಿಂದೆಯೇ ನಮಗೆ ಹೇಳಿದ್ದನು. ಸುಗ್ಗಿಯ ಕಾಣಿಕೆ ಬರಲಿ, ಆಮೇಲೆ ನೋಡೋಣವೆಂದು ನಾವೇ ತಳ್ಳಿಹಾಕಿದ್ದೆವು. ನಾವು ಗದರಿಸುವಾಗ ಅವನು ಅದನ್ನು ಹೇಳಬಹುದಾಗಿತ್ತು. ನಮ್ಮ ಮಾನ ಉಳಿಸುವದಕ್ಕಾಗಿ ಸುಮ್ಮನಿದ್ದನು. ತೊಲೆಯು ನಮ್ಮ ಕಣ್ಣಲ್ಲಿತ್ತು. ಎಲ್ಲರ ಮುಂದೆ ಬೈದಿದ್ದೆವಾದಕಾರಣ ಮುಂದಿನ ಆದಿತ್ಯವಾರ ಎಲ್ಲರ ಮುಂದೆಯೇ ಅವನ ಕ್ಷಮೆ ಬೇಡಿದೆವು.

ನಿಮ್ಮ ಮನೆಯಲ್ಲಿಯಾಗಲಿ ಸಭೆಯಲ್ಲಿಯಾಗಲಿ ಏನಾದರೂ ಸಾಗದೆ ನಿಂತುಹೋದಾಗ, ಯಾರ ತಪ್ಪೆಂದು ಕೂಗುವದಕ್ಕಿಂತ ಮುಂಚೆ ದೋಷವೆಲ್ಲಿದೆಯೆಂದು ಕ್ರಮವಾಗಿ ನೋಡಿರಿ. ಹುಡುಕಾಟವು ನಿಮ್ಮ ಬಾಗಲಿಗೇ ಬಂದು ನಿಂತರೆ, ಅಲ್ಲಿಂದ ಹಿಂದಿರುಗಬೇಡಿರಿ. ದೀಪ ಮಂಕಾಗಿದೆಯೆಂದು ಹೇಳುವವನು ಚಿಕ್ಕವನಾದರೂ ಅವನ ಮಾತನ್ನು ಆ ದಿವಸವೇ ಕೇಳಿರಿ. ಹೃದಯಗಳನ್ನು ಪರಿಶೋಧಿಸುವಾತನು ನಮಗೆ ಇಂಥ ಬುದ್ಧಿಯನ್ನು ದಯಪಾಲಿಸಲಿ. ಆಮೆನ್.